ಮಾವನವರ ಪಟಗಾ ಮತ್ತು ಮೊಳಕೆ ಕೋಸಂಬರಿ

ಒಲೆ ಹಚ್ಚದೆ ಮಾಡಬಹುದಾದ ಅಡುಗೆಯೆಂದರೆ ಕೋಸಂಬರಿ, ಅದರಷ್ಟು ನಿರಪಾಯಕಾರಿಯಾದದ್ದು ಇನ್ನೊಂದಿಲ್ಲ ಎಂಬ ನಂಬಿಕೆಯಿಂದ ಎಷ್ಟು ಗಂಡಸರು ಕೆಟ್ಟಿದ್ದಾರೋ ಕಾಣೆ, ನಾನಂತೂ ಕೆಟ್ಟೆ. ನೆನೆಸು, ಕಟ್ಟು, ಕಲಸು ಎಂಬ ಮೂರೇ ಕ್ರಿಯಾಪದಗಳ ಈ ಪಾಕಶಾಸ್ತ್ರದಲ್ಲಿ ವಿಪತ್ತೆಲ್ಲ ನಡುವಿನ ಪದದಲ್ಲಿ ಅಡಗಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ನಾನು ಶಾಲೆಯ ಮಾಸ್ತರ. ಹೆಂಡತಿ ಚೊಚ್ಚಲ ಹೆರಿಗೆಗೆ ತಿಕೋಟಾದ ತವರಿಗೆ ಹೋಗಿದ್ದಳು. ಅಂಥ ಹೊತ್ತಿನಲ್ಲಿ ಒಂದು ಸಂಜೆ ಮಾವನವರು ಬಂದಿಳಿದರು. ಮರುದಿನ ಇಬ್ರಾಹಿಂಪುರದಲ್ಲಿ ಅವರ ಕಿರಿಯ ಮಗಳ ಮದುವೆಯ ಮಾತುಕತೆ. ಹಿಂದಿನ ಎರಡು ಸಂಬಂಧಗಳು ಬಾಗಿಲವರೆಗೆ ಬಂದು ತಿರುಗಿಹೋಗಿದ್ದವು. ಇದೂ ತಪ್ಪಿದರೆ ಹುಡುಗಿ ಊರ ಬಾಯಿಗೆ ಬೀಳುವಳೆಂಬ ಅಂಜಿಕೆ ಆ ಗಟ್ಟಿ ಮನುಷ್ಯನ ಮುಖದಲ್ಲೂ ಕಾಣುತ್ತಿತ್ತು.

"ಖಾನಾವಳಿ ಕೂಳ ತಿಂದ ಭಾಳ ಸೊರಗೀರಿ, ಅಳಿಯಂದಿರ" ಎಂದರು.

"ನಾನ ಮಾಡ್ಕೋತೀನ್ರಿ ಮಾವಾರ. ಮುಂಜಾನೆ ನನ್ನ ಕೈಯಾಗಿನ ಕೋಸಂಬರಿ ನೋಡೀರಂತ!" ಎಂದು ಬಡಾಯಿ ಕೊಚ್ಚಿದೆ.

ನೆನೆಹಾಕಿದ್ದ ಹೆಸರುಕಾಳು ಉಬ್ಬಿ ಸಿದ್ಧವಾಗಿತ್ತು. ತೊಳೆದ, ತೆಳ್ಳನೆಯ, ತೇವದ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಬೆಳಗಾಗುವುದರೊಳಗೆ ಮೊಳಕೆ ಎಂಬುದು ನಮ್ಮವ್ವನ ಸೂತ್ರ. ಹಿತ್ತಲ ಹಗ್ಗದ ಮೇಲೆ ಈ ಮೂರೂ ಲಕ್ಷಣಗಳಿಂದ ಸಂಪನ್ನವಾದ ಬಿಳಿಯ ಅರಿವೆಯೊಂದು ನನಗಾಗಿಯೇ ಎಂಬಂತೆ ತೂಗುತ್ತಿತ್ತು. ಕೂಸಿಗೆಂದು ಹೆಂಡತಿ ಉದ್ದಕ್ಕೆ ಹರಿದಿಟ್ಟ ನನ್ನ ಹಳೆಯ ಧೋತರವಿರಬೇಕೆಂದುಕೊಂಡೆ. ಹೆಂಡತಿ ಊರಲ್ಲಿಲ್ಲದಾಗ ಅದನ್ನು ತೊಳೆದು ಹಾಕಿದವರಾರೆಂದು ಕೇಳಿಕೊಳ್ಳುವಷ್ಟು ಬುದ್ಧಿಯಿದ್ದರೆ ನಾನು ಮಾಸ್ತರನೇ ಆಗುತ್ತಿರಲಿಲ್ಲ. ಸುತ್ತು ಹೆಚ್ಚಾದಷ್ಟೂ ಶಾಖ ಹೆಚ್ಚೆಂದು ಇಡೀ ಅರಿವೆಯನ್ನು ಸುತ್ತಿ, ಮೇಲೊಂದು ಕಲ್ಲು ಹೇರಿದೆ.

ಬೆಳಗ್ಗೆ ಮಾವನವರು ಮಿಂದು, ವಿಭೂತಿ ಧರಿಸಿ, "ನನ್ನ ಪಟಗಾ ಎಲ್ಲಿ ಐತ್ರಿ? ಧೂಳಾಗಿತ್ತಂತ ನಿನ್ನಿ ತೊಳದ ಹಗ್ಗಕ್ಕ ಹಾಕಿದ್ನಿ" ಎಂದರು.

ಧೋತರವೆಂದು ನಾನು ಕಾಳು ಕಟ್ಟಿದ್ದು ಅವರು ತಲೆಗೆ ಸುತ್ತುವ ರುಮಾಲಿನಲ್ಲಿ! ಗಂಟು ಬಿಚ್ಚಿದರೆ, ಅಬ್ಬಾ, ಮೊಳಕೆಯೇನೋ ಅಮೋಘ! ಬೇರುಗಳು ನೇಯ್ಗೆಯ ಸಂದುಸಂದಿನಲ್ಲೂ ಹೊಕ್ಕು ಸಂಸಾರ ಹೂಡಿದ್ದವು. ಹೆಣ್ಣಿನ ತಂದೆ ಬರಿದಲೆಯಲ್ಲಿ ಬೀಗರ ಹೊಸ್ತಿಲು ತುಳಿಯುವುದೆಂದರೆ ಸೂತಕವನ್ನೇ ಹೊತ್ತು ಹೋದಂತೆ. ನನ್ನ ಟೊಪ್ಪಿಗೆಯೋ ಅವರ ತಲೆಯ ಮೇಲೆ ಗಿಂಡಿಯ ಮುಚ್ಚಳದಂತೆ ಕುಳಿತಿತು.

"ಯಪ್ಪಾ, ಕಾಳ ಕಟ್ಟಾಕ ಬ್ಯಾರೆ ಅರಿಬಿ ಸಿಗಲಿಲ್ಲೇನ್ರಿ?" ಎಂದ ಅವರ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ನಾಚಿಕೆಯಿಂದ ಸತ್ತೇಹೋದೆ. ಇಬ್ಬರೂ ಕೂತು ಕೈಗೆ ಸಿಕ್ಕಷ್ಟು ಕಾಳು ಹೆಕ್ಕಿದೆವು. ಅವರು ಹಸಿ ಪಟಗಾವನ್ನೇ ಸುತ್ತಿಕೊಂಡು ಹೊರಟರು, ಹಿಂದೆ ನಾನೂ. ಕೋಸಂಬರಿಯ ನೆನಪು ಇಬ್ಬರಿಗೂ ಆಗಲಿಲ್ಲ.

ಬೀಗರ ಪಡಸಾಲೆಯಲ್ಲಿ ಹುಡುಗನ ಅಜ್ಜಿ ಕುಳಿತಿದ್ದಳು, ಬಬಲೇಶ್ವರದ ಖಡಕ್ ಮುದುಕಿ. ಶರಣೆನ್ನಲು ಮಾವನವರು ಬಾಗಿದ್ದೇ ತಡ, ಎಲೆಯಡಿಕೆಯ ತಾಟಿಗೆ ಟಪ್ಪೆಂದು ಒಂದು ಕಾಳು ಬಿತ್ತು, ಮೊಳಕೆ ಸಮೇತ. ಹಿಂದೆಯೇ ಇನ್ನೆರಡು.

"ಇದೇನೋ ಯಪ್ಪಾ?" ಎಂದಳು ಅಜ್ಜಿ.

"ನಂದ ತಪ್ಪರಿ. ಕಾಳಿನ ಚೀಲದ ಮ್ಯಾಲ ಪಟಗಾ ಇಟ್ಟಿದ್ನಿ" ಎಂದರು ಮಾವನವರು, ತಲೆ ಎತ್ತದೆ. ಎತ್ತಿದರೆ ಇನ್ನೂ ಉದುರುತ್ತಿದ್ದವು.

ನನಗೆ ತಡೆಯಲಾಗಲಿಲ್ಲ. "ಅವರದಲ್ರಿ, ನಂದ ತಪ್ಪು" ಎಂದು ನೆನೆಸಿದ್ದು, ಕಟ್ಟಿದ್ದು ಎಲ್ಲವನ್ನೂ ಒದರಿಬಿಟ್ಟೆ. ಅಜ್ಜಿ ಬೊಚ್ಚುಬಾಯಿ ತೆರೆದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಅಳ್ಯಾ ಅಡಗಿ ಮಾಡ್ಯಾನ, ಮಾವ ಹೊತ್ಕೊಂಡ ಬಂದಾನ! ಅಳ್ಯಾನ ತಪ್ಪ ತಲಿಮ್ಯಾಲ ಹೊರೋ ಬೀಗರು ಎಲ್ಲಿ ಸಿಗತಾರ್ರೋ? ಈ ಮನಿ ಹೆಣ್ಣ ಬಿಡಬ್ಯಾಡ್ರಿ!"

ಮದುವೆಯಲ್ಲಿ ಮಾವನವರು ನನಗೆ ಉಡುಗೊರೆಯಾಗಿ ಹೊಸ ಪಟಗಾ ಸುತ್ತಿಸಿದರು. ಆಮೇಲೆ ಕಿಸೆಯಿಂದ, ಹಳೆಯ ಪಟಗಾದಿಂದ ಹರಿದ, ಹಸಿರು ಕಲೆ ಬಿದ್ದ ಮೊಳದುದ್ದದ ತುಂಡೊಂದನ್ನು ತೆಗೆದು ಎಲ್ಲರೆದುರೇ ನನ್ನ ಕೈಗಿತ್ತು, "ಅದು ತಲಿಗ್ರಿ, ಇದು ಕಾಳಿಗೆ. ಅದಲ್‌ಬದಲ್ ಮಾಡಬ್ಯಾಡ್ರಿ" ಎಂದರು.

ತಲೆಯದು ಎಂದೋ ಪೆಟ್ಟಿಗೆ ಸೇರಿತು. ಕಾಳಿನದು ಸವೆದು ಜಾಳಾದರೂ ಇಂದಿಗೂ ದುಡಿಯುತ್ತಿದೆ. ಕೋಸಂಬರಿಗೆ ಒಲೆ ಬೇಡವೆಂದು ಈಗಲೂ ಹೇಳುತ್ತೇನೆ. ಆದರೆ ಕಾಳು ಕಟ್ಟುವ ಮೊದಲು ನನ್ನ ಕೈ ತಾನಾಗಿಯೇ ಆ ತುಂಡನ್ನು ಒಮ್ಮೆ ಹಣೆಗೆ ಒತ್ತಿಕೊಳ್ಳುತ್ತದೆ. ಮಾವನವರು ಇದ್ದಿದ್ದರೆ, "ಅದು ಕಾಳಿಗ್ರಿ, ತಲಿಗಲ್ಲ" ಎಂದು ಗದರಿಸುತ್ತಿದ್ದರು.