ಮಾಮಾನ ಅಂಗಡಿಗೆ ಬಂದ ಫೋನು

ಯಾರಿಗೇ ಫೋನ್ ನಂಬರ್ ಕೊಡಬೇಕಾದರೂ ನಮ್ಮ ಮನೆಯವರು ಸೋದರಮಾವನದನ್ನೇ ಕೊಡುತ್ತಿದ್ದರು. ಗ್ಯಾಸಿಗೂ ಅದೇ, ಅಕ್ಕನ ಕಾಲೇಜಿಗೂ ಅದೇ. ಮಾಮಾ ಯರಗಟ್ಟಿಯ ತನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತಿರುತ್ತಾನೆ, ಕರೆ ತಪ್ಪಿಸುವುದಿಲ್ಲ. ಮೇಲಾಗಿ ತವರಿಗೆ ತಿಳಿಯದ ವಿಷಯ ಅವ್ವನ ಪಾಲಿಗೆ ವಿಷಯವೇ ಅಲ್ಲ. ಅವ್ವನ ಅಕ್ಕ, ನಮ್ಮ ದೊಡ್ಡಮ್ಮನ ಇಬ್ಬರು ಮಕ್ಕಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅದರ ಕಾರಣ ಹುಡುಕುತ್ತ ಸಂಶೋಧಕರು ಕೆಲವು ವರ್ಷಗಳ ಹಿಂದೆ ಮುನವಳ್ಳಿಗೆ ಬಂದು ನಮ್ಮ ರಕ್ತವನ್ನೂ ತೆಗೆದುಕೊಂಡಾಗ ಅಕ್ಕ ಬರೆಸಿದ್ದೂ ಅದೇ ನಂಬರು.

ಅವರು ಮತ್ತೆ ಕರೆ ಮಾಡುವ ಹೊತ್ತಿಗೆ ಅಕ್ಕನನ್ನು ಮಾಮಾನ ಮಗನಿಗೆ ತಂದುಕೊಳ್ಳುವ ಮಾತು ನಡೆದಿತ್ತು.

ಕರೆ ಬಂದ ಮರುದಿನವೇ ಮಾಮಾ ಹಾಜರು. "ಇನ್ನೊಂದು ಸಂಶೋಧನಾಕ್ಕ ಅಕಿನ್ನ ಕೇಳಬೇಕಂತ. ಯಾಕ ಅಂತ ಕೇಳಿದ್ರ ಅಕಿಗೇ ಹೇಳತೇವಿ ಅಂದ್ರು. ಏನರ ಸಿಕ್ಕಿರಬೇಕು ಅಕಿ ರಕ್ತದಾಗ. ಸದ್ಯ ನಿಶ್ಚಯ ಬ್ಯಾಡ ಬಿಡು, ತಂಗಿ."

"ಹೇಳಲಿಲ್ಲ ಅಂದ್ರ ಸಿಕ್ಕೈತಿ ಅಂತನ ಅರ್ಥನ?" ಎಂದೆ.

"ಏ, ಚರ್ಚಾ ಸ್ಪರ್ಧೆಯಾಗ ಕಪ್ ಗೆದ್ದೀ ಅಂತ ಮನ್ಯಾಗೂ ಶುರು ಹಚ್ಚಬ್ಯಾಡ!" ಎಂದು ಮಾಮಾ ಗದರಿದ.

ಮಾಮಾನಿಂದ ನಂಬರ್ ಪಡೆದು, ಅಕ್ಕನನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ, ಅವನಿಗೆ ಕರೆ ಮಾಡಿದ್ದ ಸಂಶೋಧಕಿಗೆ ಫೋನ್ ಹಚ್ಚಿದೆ. ಮತ್ತೆ ಸಂಪರ್ಕಿಸಲು ಅಕ್ಕ ರಕ್ತ ಕೊಟ್ಟಾಗಲೇ ಒಪ್ಪಿದ್ದಳು, ಕೇಳದೆ ಹಳೆಯ ರಕ್ತವನ್ನು ಹೊಸ ಕೆಲಸಕ್ಕೆ ಬಳಸುವುದು ತಪ್ಪಾಗುತ್ತಿತ್ತು ಎಂದರು.

"ಕೇಳಿದ್ದು ಸರಿ. ಮಾಮಾನ ಮುಂದ ಯಾಕ ಹೇಳಿದ್ರಿ?"

"ನಂಬರ್ ನೀವೇ ಕೊಟ್ಟಿದ್ದಿರಲ್ಲ?"

"ಅಕಿನ್ನ ಕರೀಲಿಕ್ಕೆ ಕೊಟ್ಟಿದ್ದು. ಸಂಶೋಧನೆ ಅಂತ ಅವರಿಗೆ ಹೇಳಲಿಕ್ಕಲ್ಲರಿ."

ಅವರು ಕ್ಷಮೆ ಕೇಳಿದರು. ವಾದ ಗೆದ್ದೆ. ಅಕ್ಕನ ನಿಶ್ಚಯ ಮಾತ್ರ ನಿಂತಲ್ಲೇ ನಿಂತಿತ್ತು.

ಅಕ್ಕ ಫೋನ್ ಕಸಿದುಕೊಂಡಳು. "ನನ್ನೊಳಗ ಏನರ ಸಿಕ್ಕೈತೇನ್ರಿ?"

ಹಳೆಯ ಅಧ್ಯಯನದಲ್ಲಿ ಒಬ್ಬೊಬ್ಬರ ಫಲಿತಾಂಶ ತಿಳಿಸುವ ಒಪ್ಪಂದವಿರಲಿಲ್ಲವಂತೆ. ಹೊಸದರಲ್ಲಿ ಬೇಕೆಂದವರಿಗೆ ಎದುರು ಕೂರಿಸಿಕೊಂಡು ಹೇಳುತ್ತಾರಂತೆ. ತಿಳಿಯುವ ಆಸೆ ತೋರಿಸಿ ಮತ್ತೆ ರಕ್ತ ಪಡೆಯುವ ಉಪಾಯವಲ್ಲವೇ ಇದು? ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಸೋಮವಾರ ಬೆಳಗಾವಿಗೆ ಬರತೇನಿ. ಇನ್ನ ಮ್ಯಾಲೆ ನನ್ನ ನಂಬರಿಗೇ ಹಚ್ಚರಿ" ಎಂದು ನಂಬರ್ ಹೇಳುತ್ತಿದ್ದಳು.

ಒಳಗೆ ಬಂದವಳೇ ಮಾಮಾನಿಗೆ ಹೇಳಿದಳು: "ನಿಮ್ಮ ಮಗನ್ನೂ ಕಳಸ್ರಿ. ಇಬ್ಬರದೂ ತಿಳೀಲಿ, ಆಮ್ಯಾಲೆ ನಿಶ್ಚಯದ ಮಾತು."

"ಅಂವ ಯಾಕ? ಆ ಕಿವುಡು ನಿಮ್ಮ ದೊಡ್ಡಪ್ಪನ ಮನೆತನದ್ದು."

"ಹಂಗಿದ್ರ ನನ್ನ ಮ್ಯಾಲೆ ಯಾಕ ಸಂಶೆ ಪಟ್ರಿ? ದೊಡ್ಡಪ್ಪನ ರಕ್ತ ನನಗ ಬಂದಿಲ್ಲ. ಬಂದಿದ್ರ ಅವ್ವನ ಕಡಿಂದ ಬಂದಿರಬೇಕು. ಅವ್ವ ನಿಮ್ಮ ತಂಗಿ."

ಅವ್ವ ಚಹಾ ಸೋಸುವುದನ್ನು ನಿಲ್ಲಿಸಿದಳು. ಮಾಮಾ "ನೋಡೂಣು" ಎಂದು ಚಪ್ಪಲಿ ಮೆಟ್ಟಿದ. ಚಹಾ ಕುಡಿಯದೆ ಅವನು ನಮ್ಮ ಮನೆಯಿಂದ ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸೋಮವಾರ ನಾನೂ ಅಕ್ಕನ ಜೊತೆ ಹೊರಟೆ. ಬಸ್ಸು ಯರಗಟ್ಟಿಯಲ್ಲಿ ನಿಂತಾಗ ಮಾಮಾನ ಮಗ ಹತ್ತಿದ.

"ಮಾಮಾಗ ಹೇಳಿ ಬಂದೀಯೇನು?" ಎಂದಳು ಅಕ್ಕ.

"ಹೋಗಿ ಬಂದ ಮ್ಯಾಲೆ ಹೇಳಿದ್ರಾತು," ಎಂದವನು ಅಲ್ಲೇ ನಿಂತುಕೊಂಡ. ನಾನು ಎದ್ದು ಹಿಂದಿನ ಸೀಟಿಗೆ ಹೋದೆ.