ಕುರಿಯ ಎಡಗಿವಿ

ಕುರಿಯ ಎಡಗಿವಿಯ ತುದಿಯಲ್ಲಿ ಬೆರಳಿನ ಉಗುರಷ್ಟು ಅಗಲದ ಒಂದು ಕಚ್ಚು. ಅದನ್ನು ನಂಬಿ ನಾನು ಜುಂಜಣ್ಣ ಎಂಬ ಕುರಿಗಾರರನ್ನು ಕಳ್ಳ ಎಂದೆ. ಅವರು ಕಳ್ಳರಲ್ಲ ಎಂದು ತಿಳಿದ ಮೇಲೂ — ಮೂರು ವರ್ಷ — ಸುಮ್ಮನಿದ್ದೆ.

ನಾನು ಸಿನಿಮಾ ಸಂಕಲನ ಮಾಡುವವಳು. ನಿರ್ದೇಶಕ ತಿಪ್ಪೇಶ್ ಸರ್ ಹೊಳಲ್ಕೆರೆಯಲ್ಲಿ ತಮ್ಮದೇ ನಿರ್ಮಾಣ ಸಂಸ್ಥೆ ಕಟ್ಟಿದಾಗ ಬಂಡವಾಳ ಹಾಕುವವರು ಸಿಗಲಿಲ್ಲ. ಅವರು ಕುರಿ ಕೊಂಡರು. ಜವನಗೊಂಡನಹಳ್ಳಿಯ ಜುಂಜಣ್ಣನವರಿಗೆ ಅವನ್ನು ಪಾಲಿಗೆ ಬಿಟ್ಟರು. ಮೇಯಿಸುವುದು ಅವರು, ಹುಟ್ಟಿದ ಮರಿಗಳಲ್ಲಿ ಅರ್ಧ ಸಂಸ್ಥೆಗೆ. ಸಂಸ್ಥೆಯ ಕುರಿಗಳೆಂಬ ಗುರುತಿಗೆ ಕಿವಿಯಲ್ಲಿ ಕಚ್ಚು. ಮೊದಲ ಚಿತ್ರ ಆ ಮರಿಗಳನ್ನು ಮಾರಿದ ಹಣದಿಂದಲೇ ಮುಗಿಯಿತು. ಅದೇ ಮಂದೆ ಅದರಲ್ಲಿ ನಟಿಸಿಯೂ ಇತ್ತು.

ಎರಡನೆಯ ಚಿತ್ರಕ್ಕೆ ಮೊದಲು ಮಂದೆ ನೋಡಲು ಹೋದೆವು. ಹೊಂದದ್ದನ್ನು ಹುಡುಕುವುದೇ ನನ್ನ ಕಸುಬು — ಹಿಂದಿನ ಶಾಟಿನಲ್ಲಿ ತುಂಬಿದ್ದ ಲೋಟ ಮುಂದಿನದರಲ್ಲಿ ಖಾಲಿಯೇ, ಹೀಗೆ. ಮನುಷ್ಯರನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದೆ. ಎದುರಿನ ಕುರಿಗಳ ಕಚ್ಚು ಬಲಗಿವಿಯಲ್ಲಿತ್ತು. ನಮ್ಮ ಚಿತ್ರದಲ್ಲಿ ಎಡಗಿವಿಯಲ್ಲಿ. ಫೋನಿನಲ್ಲಿ ಆ ದೃಶ್ಯ ತೆರೆದು ಹಿಡಿದೆ.

"ಇವು ನಮ್ಮ ಕುರಿಗಳಲ್ಲ. ನಮ್ಮವನ್ನು ಮಾರಿಕೊಂಡು ಬೇರೆ ತಂದು ನಿಲ್ಲಿಸಿದ್ದೀರಿ."

ಜುಂಜಣ್ಣ ನಕ್ಕರು. "ಕುರಿಗೆ ಡೂಪ್ ಹಾಕಾಕೆ ನಾನೇನ್ ಸಿನಿಮಾದೋನಾ ಕಣವ್ವ? ಬಲಗಿವಿಗೇ ಕುಯ್ದಿದ್ದು, ನಾನೇ."

"ಹಾಗಾದರೆ ಇದೇನು?"

ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಗು ನಿಂತಿತು. ತಮ್ಮ ಕೈಯ ಕೆಲಸದ ಮೇಲೆ ಅವರಿಗೇ ಅನುಮಾನ ಬಂದಿತ್ತು — ಅದನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಕಟ್ಟೆಯ ಮೇಲಿದ್ದವರೊಬ್ಬರು ಕೂಗಿದರು: "ಏನಪ್ಪಾ ಜುಂಜಣ್ಣ, ಕಿವಿ ತಾನೇ ನಡ್ಕಂಡು ಆ ಕಡೀಗೆ ಹೋತಾ?"

ತಿಪ್ಪೇಶ್ ಸರ್ ಇದ್ದ ಕುರಿಗಳನ್ನೆಲ್ಲ ಅಂದೇ ಟೆಂಪೋಗೆ ಹತ್ತಿಸಿದರು. ಆಮೇಲೆ ಆ ಸುತ್ತಿನಲ್ಲಿ ಯಾರೂ ಜುಂಜಣ್ಣನವರಿಗೆ ಪಾಲಿಗೆ ಕುರಿ ಬಿಡಲಿಲ್ಲ.

ಕೆಲವು ವಾರಗಳಾದ ಮೇಲೆ ಮೊದಲ ಚಿತ್ರದ ಟ್ರೈಲರ್‌ಗಾಗಿ ಆ ದೃಶ್ಯದ ಮೂಲ ಚಿತ್ರೀಕರಣ ತೆರೆದೆ. ಕಚ್ಚು ಬಲಗಿವಿಯಲ್ಲಿತ್ತು. ಮಂದೆ ಉದ್ದಕ್ಕೂ ಒಂದೇ ದಿಕ್ಕಿಗೆ ಸಾಗುವಂತೆ ಕಾಣಲೆಂದು ಆ ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಮಾಡಿದ್ದೆ — ನಾನೇ. ಮರೆತಿದ್ದೆ. ಮರೆವನ್ನು ಯಾರಾದರೂ ಮನ್ನಿಸಬಹುದು; ನೆನಪಾದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಎದ್ದದ್ದನ್ನು —

ಆ ಶಾಟ್ ತಿರುಗಿಸುವಾಗ ಸರ್ ಪಕ್ಕದಲ್ಲೇ ಕೂತಿದ್ದರು. ಅವರಿಗೂ ಗೊತ್ತಿತ್ತೇ? ಗೊತ್ತಿದ್ದೂ... ಎಂದು ಇವತ್ತಿಗೂ ಅನುಮಾನಿಸುತ್ತೇನೆ. ಆ ಅನುಮಾನವೂ ನನಗೆ ಅನುಕೂಲವಾಗಿಯೇ ಇತ್ತು.

ಹೋದ ವಾರ ಚಿತ್ರದುರ್ಗದ ಕಾಲೇಜೊಂದರಲ್ಲಿ ಸಂಸ್ಥೆ ಬೆಳೆದ ಕಥೆ ಹೇಳುತ್ತ ಸರ್ ನನ್ನತ್ತ ಕೈ ತೋರಿದರು: "ಕುರಿಗಳ್ಳನ್ನ ಹಿಡಿದ ಪತ್ತೇದಾರಿ ಇಲ್ಲೇ ಅವ್ಳೆ, ನೋಡ್ರಿ!" ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು — ಕೈಮುಗಿದೆ.

ಮರುದಿನ ಬೆಳಿಗ್ಗೆ ಎರಡೂ ಶಾಟುಗಳನ್ನು ಸರ್‌ಗೆ ಕಳಿಸಿ, ನಡೆದದ್ದನ್ನು ಬರೆದು, ಹಿರಿಯೂರಿನ ಬಸ್ಸು ಹತ್ತಿದೆ. ಜವನಗೊಂಡನಹಳ್ಳಿಯಲ್ಲಿ ಮನೆ ಕೇಳಿಕೊಂಡು ಹೋದೆ. ಜುಂಜಣ್ಣನವರ ಹೆಂಡತಿ ಹೊಸಿಲಿಗೆ ಬಂದರು. ಗುರುತು ಹತ್ತಲಿಲ್ಲ. "ಯಾರವ್ವಾ ನೀನು? ಬಾ, ಕುಂತ್ಕ" ಎಂದರು.

ಕೂರಲಿಲ್ಲ. "ನಿಮ್ಮ ಯಜಮಾನರನ್ನು ಕಳ್ಳ ಎಂದವಳು ನಾನು," ಎಂದೆ. "ಅವರನ್ನು ಕರೀರಿ. ಅಕ್ಕಪಕ್ಕದವರನ್ನೂ ಕರೀರಿ."