ಮುಳುಗಿದ ಚೀಲ

ಅಲಾಸ್ಕಾದ ಕಾಡುಮೇಡಿನ ಮೇಲೆ ಪುಟ್ಟ ವಿಮಾನ ಹಾರಿಸುತ್ತಲೇ ತಲೆ ನರೆತ ಅಗಾಫಿಯಾಳ ಜಾಕೆಟ್ಟಿನ ತುಂಬ ಜೇಬುಗಳೇ. ಬೆಂಕಿಪೊಟ್ಟಣ, ಚಾಕು, ಸೊಳ್ಳೆಪರದೆ, ಒಣಗಿಸಿದ ಸಾಲ್ಮನ್ ಮೀನು, ಎಲ್ಲಕ್ಕೂ ಅಲ್ಲೇ ಜಾಗ. ವಿಮಾನ ಬಿದ್ದರೆ ಉಳಿಯುವುದು ಮೈಮೇಲಿದ್ದದ್ದು ಮಾತ್ರ ಎಂಬುದು ಅವಳ ವಾದ.

ಊರಿಗೆ ಹೊಸದಾಗಿ ಬಂದ ಮೇಷ್ಟ್ರು ಕ್ಲಿಫರ್ಡ್ ಭಾರೀ ಚೀಲವೊಂದನ್ನು ವಿಮಾನದ ಹಿಂಭಾಗಕ್ಕೆ ತುರುಕಿದಾಗ ಅವಳಿಗೆ ರೇಗಿತು.

"ವಿಮಾನ ನದಿಗೆ ಬಿತ್ತು ಅಂತಿಟ್ಕೊಳ್ಳಿ. ಈಜಿ ದಡ ಸೇರಿದ್ರಿ. ಈಗ ಬೆಂಕಿ ಹಚ್ಚಿ, ನೋಡೋಣ!"

ಅವನು ಚೀಲಕ್ಕೆ ಕೈ ಹಾಕಿದ.

"ಅದು ಮುಳುಗೋಯ್ತು, ಮೇಷ್ಟ್ರೇ. ಜೇಬಲ್ಲೇನಿದೆ?"

ಜೇಬಿನಲ್ಲಿ ಬಾಚಣಿಗೆಯಿತ್ತು.

"ಒಳ್ಳೇದಾಯ್ತು. ಕರಡಿ ಬಂದ್ರೆ ತಲೆ ಬಾಚಿ," ಎಂದು ವಿಮಾನ ಏರಿಸಿದಳು.

ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಅಗಾಫಿಯಾ ನದಿಯಂಚಿನ ಜಲ್ಲಿದಿಬ್ಬದ ಮೇಲೆ ವಿಮಾನವನ್ನು ಹೂವಿನಂತೆ ಇಳಿಸಿದಳು. ಮಂಜು ಸರಿಯುವ ತನಕ ಕಾಯಬೇಕು. ಹೊಟ್ಟೆ ಚುರುಗುಟ್ಟಿ ಮೀನಿನ ಜೇಬಿಗೆ ಕೈ ಹಾಕಿದರೆ ಬರೀ ಪುಡಿ! ಆಪತ್ತಿಗೆಂದು ಇಟ್ಟ ಮೀನನ್ನು ಹಾರುವಾಗಲೆಲ್ಲ ಬಾಯಾಡಿಸಿ ಮುಗಿಸಿದವಳು ಅವಳೇ.

ಅಷ್ಟರಲ್ಲಿ ಕ್ಲಿಫರ್ಡ್ ತನ್ನ ಚೀಲದಿಂದ ಸ್ಟೌ, ಪಾತ್ರೆ, ಸೂಪಿನ ಪೊಟ್ಟಣ, ಬಿಸ್ಕತ್ತು ಎಲ್ಲ ತೆಗೆದಿಟ್ಟ. ಅವಳ ಕೈ ತಾನಾಗಿ ಬಿಸ್ಕತ್ತಿನ ಕಡೆ ಹೋಯಿತು.

"ಅಯ್ಯೋ, ಇದು ಮುಳುಗೋಯ್ತಲ್ಲ ಮೇಡಂ?" ಎಂದು ನಗುತ್ತ, ಸ್ಟೌ ಹಚ್ಚಲು ಚೀಲ ತಡಕಿದ. ತಡಕುತ್ತಲೇ ಇದ್ದ.

ಅಗಾಫಿಯಾ ಎದೆಜೇಬಿನ ಬೆಂಕಿಪೊಟ್ಟಣ ತೆಗೆದು ಅವನ ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿದಳು.

"ನಿಮ್ಮ ಚೀಲ ತೇಲ್ಕೊಂಡು ಬಂತು ಕಣ್ರೀ. ಬಿಸ್ಕತ್ತು ಈ ಕಡೆ ತಳ್ಳಿ."